ಕಿಟಕಿ ಕಡೆಯ ಹಲ್ಲು

ಕಿಟಕಿ ಕಡೆ ಎಂದೆನೋ, ಬಾಗಿಲ ಕಡೆ ಎಂದೆನೋ? ಕಿಟಕಿ ಕಡೆ ಎಂದೇ ಹೇಳಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಯಾವ ಕಿಟಕಿ ಕಡೆ? ಕುರ್ಚಿ ತಿರುಗುವ ಮೊದಲಿನದೋ, ತಿರುಗಿದ ಮೇಲಿನದೋ? ಹೇಳುವ ಹೊತ್ತಿನಲ್ಲಿ ಕಣ್ಣೆದುರು ಇದ್ದದ್ದು ಯಾವ ಕುರ್ಚಿ?

"ರೀ, ಅನ್ನ ಆರ್ತಿದೆ," ಎಂದರು ಹೆಂಡತಿ.

ಡಾಕ್ಟರು ತಟ್ಟೆಯ ಕಡೆ ನೋಡಿದರು. ಬೇಳೆ, ಅನ್ನ, ಬೇಯಿಸಿದ ಬೀನ್ಸು. ಇನ್ನೂ ಕೈ ಹಾಕಿರಲಿಲ್ಲ. ಎದುರಿಗೆ ಕೂತಿದ್ದ ಅವರ ತಾಯಿ ಕಟ್ಟಿಸಿದ ಹಲ್ಲುಗಳನ್ನು ತೆಗೆದು ನೀರಿನ ಲೋಟದಲ್ಲಿಟ್ಟು, ಅನ್ನವನ್ನು ನುಣ್ಣಗೆ ಕಿವುಚುತ್ತಿದ್ದರು. ಮಗ ಹಲ್ಲಿನ ಡಾಕ್ಟರಾದರೂ ತಾಯಿ ಊಟ ಮಾಡುವುದು ಹಲ್ಲು ಬಿಚ್ಚಿಟ್ಟೇ. ಮನೆಗೆ ಬಂದವರೆಲ್ಲ ಇದನ್ನು ಹೇಳಿ ನಗುತ್ತಿದ್ದರು.

"ಪುಟ್ಟಿ ಎಲ್ಲೇ?" ಎಂದರು ಅಜ್ಜಿ.

"ಕ್ಲಿನಿಕ್ಕಲ್ಲಿ. ಕರೆದ್ರೆ ಬರ್ತೀನಿ ಅಂದ್ಲು, ಬರ್ಲಿಲ್ಲ."

ಮನೆಯ ಮುಂಕೋಣೆಯೇ ಕ್ಲಿನಿಕ್ಕು. ಅಡುಗೆಮನೆಯಿಂದ ಹೊರಟು, ಒಂದು ಪರದೆ ಸರಿಸಿದರೆ ಹಲ್ಲಿನ ಕುರ್ಚಿ. ಒಗ್ಗರಣೆ ಹಾಕಿದರೆ ರೋಗಿಗಳು ಸೀನುತ್ತಿದ್ದರು, ಡ್ರಿಲ್ ಹಾಕಿದರೆ ಮನೆಯವರು ರೇಡಿಯೋ ಜೋರು ಮಾಡುತ್ತಿದ್ದರು. ಡಾಕ್ಟರು ಈ ಕೋಣೆಯಲ್ಲಿ ಹಲ್ಲು ಕೀಳುತ್ತ, ಕಟ್ಟುತ್ತ ಕೂದಲು ಬಿಳಿ ಮಾಡಿಕೊಂಡಿದ್ದರು. ಈಗ ಮಗಳು ಪುಟ್ಟಿಯೂ ಓದು ಮುಗಿಸಿ ಬಂದು ಕೈಜೋಡಿಸಿದ್ದಳು. ಓಣಿಯವರ ಬಾಯಲ್ಲಿ ಅವರು ದೊಡ್ಡ ಡಾಕ್ಟರು, ಅವಳು ಚಿಕ್ಕ ಡಾಕ್ಟರು.

ಅವರಿಗೆ ಮೊದಲಿನಿಂದಲೂ ಒಂದು ಅಭ್ಯಾಸ. ಹಲ್ಲಿನ ಜಾಗ ಹೇಳುವಾಗ ಎಡ, ಬಲ ಎನ್ನುತ್ತಿರಲಿಲ್ಲ. ರೋಗಿಯ ಎದುರು ನಿಂತರೆ ಅವನ ಎಡ ನಮ್ಮ ಬಲ, ತಲೆಯ ಹಿಂದೆ ಕೂತರೆ ಬೇರೆ ಲೆಕ್ಕ, ಅವಸರದಲ್ಲಿ ಎಡವಟ್ಟಾಗುತ್ತದೆ ಎಂದು ಅವರೇ ಒಂದು ಉಪಾಯ ಮಾಡಿಕೊಂಡಿದ್ದರು. ಕುರ್ಚಿಯ ಒಂದು ಪಕ್ಕ ಕಿಟಕಿ, ಇನ್ನೊಂದು ಪಕ್ಕ ಬಾಗಿಲು. ಕಿಟಕಿ ಕಡೆಯ ಹಲ್ಲು, ಬಾಗಿಲ ಕಡೆಯ ಹಲ್ಲು. ಎಲ್ಲಿ ನಿಂತು ನೋಡಿದರೂ ಕಿಟಕಿ ಕಿಟಕಿಯೇ. ಪುಟ್ಟಿ ಮಾತು ಕಲಿತದ್ದೇ ಈ ಭಾಷೆ ಕೇಳುತ್ತ.

ಕಳೆದ ವಾರ ಹೊಸ ಕುರ್ಚಿ ಬಂತು. ಅದರ ನೀರಿನ ಕೊಳವೆ ಹಿಂದಿನದರಂತಿರಲಿಲ್ಲ. ಕೂರಿಸುವವರು ಕುರ್ಚಿಯ ಮುಖವನ್ನೇ ಆ ಕಡೆಯಿಂದ ಈ ಕಡೆಗೆ ತಿರುಗಿಸಿ ಹೋದರು. ರೋಗಿಯ ಬಲಕ್ಕಿದ್ದ ಕಿಟಕಿ ಎಡಕ್ಕೆ ಬಂತು. ಕೋಣೆ ಅಗಲವಾದಂತೆ ಕಂಡಿತು. ಎಲ್ಲರಿಗೂ ಖುಷಿಯಾಯಿತು.

ಪರದೆ ಸರಿಯಿತು. ಪುಟ್ಟಿ ಬಂದಳು. ಕೈಯಲ್ಲಿ ಎಕ್ಸ್‌ರೇ ಇತ್ತು.

"ಅಪ್ಪ, ಗಂಟೆಯಣ್ಣಂದು ಕಿಟಕಿ ಕಡೆದು ಕೀಳು ಅಂದ್ರಿ ಅಲ್ವಾ?"

"ಹೂಂ."

"ನೀವು ಅವರನ್ನ ನೋಡಿದ್ದು ಹಳೇ ಕುರ್ಚಿಯಲ್ಲಿ."

ಡಾಕ್ಟರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಗಂಟೆಯಣ್ಣ ಎಂದರೆ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಗಂಟಲು ಗಂಟೆಯ ಹಾಗಿದ್ದುದರಿಂದ ಆ ಹೆಸರು. ಅವನಿಗೆ ಮೇಲಿನ ಸಾಲಿನಲ್ಲಿ ಎರಡೂ ಕಡೆ ಒಂದೊಂದು ದವಡೆ ಹಲ್ಲು ನೋಯುತ್ತಿದ್ದವು. ಬಲಗಡೆಯದು ಬೇರಿನವರೆಗೆ ಕೊಳೆತು ಹೋಗಿತ್ತು, ಕೀಳಲೇಬೇಕು. ಎಡಗಡೆಯದನ್ನು ಉಳಿಸಬಹುದಿತ್ತು. ಈ ಬೆಳಿಗ್ಗೆ ಅವನು ಬಂದಾಗ ಡಾಕ್ಟರು ಒಳಗೆ ಮುಖಕ್ಷೌರ ಮಾಡಿಕೊಳ್ಳುತ್ತ, ಪರದೆಯ ಈಚೆಯಿಂದಲೇ ಕೂಗಿ ಹೇಳಿದ್ದರು: "ಕಿಟಕಿ ಕಡೆದು ಕಿತ್ತುಬಿಡು, ಬಾಗಿಲ ಕಡೆದು ಉಳಿಸೋಣ."

"ಬೇರು ಗಟ್ಟಿಯಾಗಿತ್ತು," ಎಂದಳು ಪುಟ್ಟಿ. "ಇಷ್ಟು ಹಾಳಾದ ಹಲ್ಲು ಯಾಕಿಷ್ಟು ಹಟ ಮಾಡ್ತಿದೆ ಅಂದ್ಕೊಂಡೆ. ಎಕ್ಸ್‌ರೇ ಲಕೋಟೆ ಅಲ್ಲೇ ಮೇಜಿನ ಮೇಲಿತ್ತು. ನೀವು ಹೇಳಿದ್ಮೇಲೆ ತೆಗೆದು ನೋಡೋದೇನು ಅಂತ ಬಿಟ್ಟೆ. ಅಪ್ಪ, ಒಳ್ಳೇ ಹಲ್ಲು ಕಿತ್ತುಬಿಟ್ಟೆ."

ಅಜ್ಜಿ ಕಿವುಚುವುದನ್ನು ನಿಲ್ಲಿಸಿದರು. "ಅವನಿಗೆ ಗೊತ್ತಾ?"

"ಇಲ್ಲ ಅಜ್ಜಿ. ಎರಡೂ ನೋಯ್ತಿತ್ತಲ್ಲ. ಒಂದು ಹೋಯ್ತು ಅಂತ ಖುಷಿಯಾಗಿ ಕೈ ಮುಗಿದು ಹೋದ್ರು."

"ಹಾಗಾದ್ರೆ ಸದ್ಯಕ್ಕೆ ಊಟ ಮಾಡು," ಎಂದರು ಡಾಕ್ಟರು.

ಮಾತು ಬಾಯಿಂದ ಹೊರಟ ಮೇಲೆ ಅದು ಎಂಥ ಮಾತು ಎಂದು ಅವರಿಗೇ ಅನ್ನಿಸಿತು. ಆದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

*

ಮರುದಿನ ಹೆಂಡತಿಯ ತಮ್ಮನನ್ನು ಕರೆಸಿದರು. ಅವನು ವಿಮೆಯವನು. ವೈದ್ಯರ ಮೇಲೆ ಮೊಕದ್ದಮೆ ಬಿದ್ದರೆ ಕಾಯುವ ಪಾಲಿಸಿಯನ್ನು ಭಾವನಿಗೆ ಮಾರಿದವನೂ ಅವನೇ. ಚಹಾ ಕುಡಿದು, ಬಿಸ್ಕತ್ತಿನ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡು, ಎಲ್ಲ ಕೇಳಿದ.

"ಯಾರಿಗೂ ಹೇಳಿಲ್ಲ ತಾನೇ?"

"ನಿನಗೇ ಮೊದಲು," ಎಂದರು ಡಾಕ್ಟರು.

"ಒಳ್ಳೇದಾಯ್ತು. ಭಾವ, ಇನ್ಮೇಲೆ ಬಾಯಿಗೆ ಬೀಗ. ತಪ್ಪಾಯ್ತು, ಕ್ಷಮಿಸಿ, ಪಾಪ, ಅಯ್ಯೋ, ಇಂಥ ಒಂದು ಪದಾನೂ ಬರಕೂಡದು. ನೀವಾಗಿ ಒಪ್ಪಿಕೊಂಡ್ರೆ ಕಂಪನಿ ಕೈ ತೊಳ್ಕೊಳ್ಳುತ್ತೆ. ಇವಳು ನೋಂದಣಿ ಮಾಡಿಸಿ ವರ್ಷ ತುಂಬಿಲ್ಲ, ವೈದ್ಯರ ಮಂಡಳಿಗೆ ದೂರು ಹೋದ್ರೆ ಹಲ್ಲುಜ್ಜೋ ಬ್ರಷ್ ಮಾರ್ಕೊಂಡು ಕೂರಬೇಕಾಗುತ್ತೆ."

"ಮಾವ, ಅವರಿಗೆ ಇನ್ನೊಂದು ಹಲ್ಲೂ ಹೋಗುತ್ತೆ," ಎಂದಳು ಪುಟ್ಟಿ. "ಕೊಳೆತಿದ್ದು ಹಾಗೇ ಇದೆ. ಎರಡೂ ಕಡೆ ಅಗಿಯೋಕೆ ಆಗಲ್ಲ."

"ಅದನ್ನೇ ಹೇಳ್ತಿರೋದು. ಮುಂದಿನ ಸಲ ಬಂದಾಗ, ಇದನ್ನೂ ಉಳಿಸೋಕೆ ಆಗಲಿಲ್ಲ ಅಂತ ಹೇಳಿ ಕಿತ್ತುಬಿಡಿ. ಕಥೆ ಮುಗೀತು."

"ಕಥೆ ಮುಗಿಯಲ್ಲ, ಹಲ್ಲು ಮುಗಿಯುತ್ತೆ," ಎಂದರು ಅಜ್ಜಿ.

"ಅಮ್ಮ, ನೀವು ಸುಮ್ನಿರಿ," ಎಂದರು ಡಾಕ್ಟರು.

"ಮತ್ತೆ ಆ ಕಿಟಕಿ, ಬಾಗಿಲು ಅನ್ನೋ ಮಾತು ಇವತ್ತಿಂದ ಬಿಡೋಣ," ಎಂದಳು ಪುಟ್ಟಿ.

ಮಾವ ಬಿಸ್ಕತ್ತು ಹಿಡಿದ ಕೈಯನ್ನೇ ಅಡ್ಡ ಆಡಿಸಿದ. "ಬೇಡ! ಈಗ ಏನನ್ನೂ ಬದಲಾಯಿಸಬೇಡಿ. ಬದಲಾಯಿಸಿದ್ರೆ ಮೊದಲು ತಪ್ಪಿತ್ತು ಅಂತ ನೀವೇ ಬರೆದುಕೊಟ್ಟ ಹಾಗೆ. ಹೇಗೆ ನಡೀತಿತ್ತೋ ಹಾಗೇ ನಡೀಲಿ."

ಡಾಕ್ಟರ ಹೆಂಡತಿ ಶಾಲೆಯಲ್ಲಿ ಗಣಿತ ಹೇಳಿಕೊಡುವವರು. ಅಷ್ಟು ಹೊತ್ತೂ ಬೀನ್ಸು ಸೋಸುತ್ತ ಕೂತಿದ್ದವರು ತಮ್ಮನನ್ನು ನೋಡಿದರು. "ತಪ್ಪು ಅಂತ ಗೊತ್ತಿರೋ ಲೆಕ್ಕಾನ ಅಳಿಸಬೇಡಿ, ಅಳಿಸಿದ್ರೆ ತಪ್ಪು ಮಾಡಿದ್ದು ಗೊತ್ತಾಗುತ್ತೆ ಅಂತೀಯ. ನನ್ನ ಕ್ಲಾಸಿನಲ್ಲಿ ಹೀಗೆ ಹೇಳಿದ್ರೆ ಹೊರಗೆ ನಿಲ್ಲಿಸ್ತಿದ್ದೆ."

"ಅಕ್ಕ, ಇದು ಕ್ಲಾಸಲ್ಲ, ಕೋರ್ಟು."

ಎಲ್ಲರೂ ಡಾಕ್ಟರ ಮುಖ ನೋಡಿದರು. ಅವರು ಕನ್ನಡಕ ಒರೆಸಿಕೊಂಡರು. "ಅವನು ಹೇಳೋ ಹಾಗೇ ಮಾಡೋಣ," ಎಂದರು.

*

ಆಮೇಲಿನ ವಾರಗಳಲ್ಲಿ ಮನೆಯ ನಡೆ ಬದಲಾಯಿತು. ಒಂದೇ ಗೋಡೆಯೊಳಗೆ ಇದ್ದ ಕ್ಲಿನಿಕ್ಕೂ ಅಡುಗೆಮನೆಯೂ ಮಾತು ಬಿಟ್ಟವರ ಹಾಗಾದವು. ಪುಟ್ಟಿ ಊಟಕ್ಕೆ ತಡವಾಗಿ ಬಂದು ಅಜ್ಜಿಯ ಪಕ್ಕ ಕೂತು ಎದ್ದು ಹೋಗುತ್ತಿದ್ದಳು. ತಟ್ಟೆ ತೊಳೆಯುವಾಗ ನಲ್ಲಿಯನ್ನು ಜೋರಾಗಿ ಬಿಡುತ್ತಿದ್ದಳು, ಯಾರೂ ಏನೂ ಕೇಳದಂತೆ.

ಡಾಕ್ಟರಿಗೆ ಹೆದರಿಕೆ ಹೊಕ್ಕಿತ್ತು. ಮೊದಲು ಕೈಬೆರಳಲ್ಲಿ ಅಲುಗಾಡಿಸಿ ಹೇಳುತ್ತಿದ್ದ ಹಲ್ಲಿಗೂ ಈಗ ಎಕ್ಸ್‌ರೇ, ಮೇಲೆ ಇನ್ನೊಂದು ಎಕ್ಸ್‌ರೇ. ಆದರೆ ತೆಗೆಸುತ್ತಿದ್ದುದು ನೋಡುವುದಕ್ಕಲ್ಲ, ತೆಗೆಸಿದ್ದೇವೆ ಎಂದು ತೋರಿಸುವುದಕ್ಕೆ. ಸಕ್ಕರೆ ಕಾಯಿಲೆಯ ಮುದುಕಿಯೊಬ್ಬಳು ಮುಖ ಊದಿಸಿಕೊಂಡು ಬಂದಳು. ಹೊರಗೆ ಹಾಕಿದ್ದ ಬೆಂಚಿನಲ್ಲಿ ಕೂತು ನರಳುತ್ತಿದ್ದವಳನ್ನು ಅವರು ಮುಟ್ಟಲಿಲ್ಲ. "ದೊಡ್ಡಾಸ್ಪತ್ರೆಗೆ ಹೋಗಮ್ಮ," ಎಂದರು.

"ಅಲ್ಲಿ ಇಡೀ ದಿನ ಕಾಯಿಸ್ತಾರಪ್ಪ. ನನ್ನ ಅಷ್ಟೂ ಹಲ್ಲು ಕಿತ್ತವನು ನೀನೇ. ಇದೊಂದು ನಿನಗೆ ಭಾರ ಆಯ್ತಾ?"

ಅವಳು ಗೋಡೆ ಹಿಡಿದುಕೊಂಡು ಹೋದದ್ದನ್ನು ಪುಟ್ಟಿ ಕಿಟಕಿಯಿಂದ ನೋಡಿದಳು. ಊಟದಲ್ಲಿ ಹೇಳಿದಳು: "ಅಪ್ಪ, ಒಬ್ಬರ ಹಲ್ಲು ತಪ್ಪಿ ಕಿತ್ತಿದ್ದಕ್ಕೆ ಇನ್ನೊಬ್ಬರ ಕೀವು ಬಿಟ್ಟು ಕಳಿಸಿದ್ವಿ."

"ಆಕೆಗೆ ಏನಾದ್ರೂ ಆಗಿದ್ದಿದ್ರೆ?"

"ಈಗ ಆಗಲ್ವಾ? ಆಗುತ್ತೆ, ಆದರೆ ನಮ್ಮ ಕುರ್ಚಿಯಲ್ಲಿ ಆಗಲ್ಲ, ಅಷ್ಟೇ."

"ಇವಳ ನಾಲಿಗೆ ನೋಡು," ಎಂದರು ಡಾಕ್ಟರು ಹೆಂಡತಿಗೆ.

"ನಿಮ್ಮ ಮನೆ ಕಡೆಯಿಂದ ಬಂದಿದ್ದು," ಎಂದರು ಹೆಂಡತಿ. ಅಜ್ಜಿ ಕಿಸಕ್ಕನೆ ನಕ್ಕರು. ಆದರೆ ಮೇಜಿನ ಸುತ್ತ ಬೇರೆ ಯಾರೂ ನಗಲಿಲ್ಲ.

ಗಂಟೆಯಣ್ಣ ಒಂದು ದಿನ ನೋವಿಗೆ ಮಾತ್ರೆ ಬೇಕೆಂದು ಬಂದ. ಕೊಳೆತ ಹಲ್ಲು ಒಳಗೇ ಇತ್ತಲ್ಲ. "ಡಾಕ್ಟ್ರೇ, ಈ ಕಡೆದು ರಾತ್ರಿಯೆಲ್ಲ ಡೋಲು ಬಾರಿಸುತ್ತೆ. ಬೇಗ ಉಳಿಸಿಕೊಡಿ. ಒಂದು ಕಡೆಯಾದ್ರೂ ರೊಟ್ಟಿ ಅಗೀಬೇಕು. ಮೆತ್ತಗಿನದು ತಿಂದೂ ತಿಂದೂ ಧ್ವನಿನೂ ಮೆತ್ತಗಾಗಿದೆ. ನಿನ್ನೆ ಈರುಳ್ಳಿ ಹರಾಜು ಕೂಗಿದ್ರೆ ಹಿಂದಿನವರು ಏನು ಏನು ಅಂತಾರೆ. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನ ಹಾಗೆ ಕೇಳಿದ್ದಿಲ್ಲ."

ಡಾಕ್ಟರು ಮಾತ್ರೆ ಕೊಟ್ಟು, ಬರುವ ವಾರ ನೋಡೋಣ ಎಂದರು. ಪುಟ್ಟಿ ಆ ಹೊತ್ತಿಗೆ ಉಪಕರಣ ತೊಳೆಯುತ್ತಿದ್ದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ಅದಾದ ಒಂದೆರಡು ದಿನಕ್ಕೆ ಆಗಬಾರದ್ದು ಆಗುವುದರಲ್ಲಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಕುರ್ಚಿಯಲ್ಲಿದ್ದಳು. ಡಾಕ್ಟರು ಬಾಯಿ ನೋಡಿ, ಕೈ ತೊಳೆಯಲು ತಿರುಗುತ್ತ, "ಬಾಗಿಲ ಕಡೆ, ಕೆಳಗಿನದು. ಮರಗಟ್ಟಿಸು," ಎಂದರು. ನಾಲಿಗೆಗೆ ಹಳೆಯ ಕುರ್ಚಿಯೇ ರೂಢಿ. ಪುಟ್ಟಿ ಸೂಜಿಯನ್ನು ಬಾಗಿಲ ಕಡೆಗೆ ಒಯ್ದಳು. ಹೆಂಗಸು ಅವಳ ಮಣಿಕಟ್ಟು ಹಿಡಿದಳು.

"ಅದಲ್ಲ ಡಾಕ್ಟ್ರೇ! ಈ ಕಡೆ, ಈ ಕಡೆ."

ಪುಟ್ಟಿ ಸೂಜಿಯನ್ನು ತಟ್ಟೆಯಲ್ಲಿಟ್ಟಳು. "ಒಂದ್ನಿಮಿಷ," ಎಂದು ಒಳಗೆ ಹೋದಳು. ಡಾಕ್ಟರು ಹಿಂದೆಯೇ ಹೋದರು. ಅಡುಗೆಮನೆಯಲ್ಲಿ ಅಜ್ಜಿ ಬಟಾಣಿ ಸುಲಿಯುತ್ತಿದ್ದರು.

"ಮತ್ತೆ ಅದೇ ಆಗ್ತಿತ್ತು," ಎಂದಳು ಪುಟ್ಟಿ. ಹೊರಗೆ ಕೇಳಿಸಬಾರದೆಂದು ದನಿ ಅಡಗಿಸಿದ್ದಳು. "ಆ ಮಾತು ಬಿಡೋಣ ಅಂತ ಅವತ್ತೇ ಹೇಳಿದ್ದೆ. ನೀವು ಬಿಡಲಿಲ್ಲ. ಬಿಟ್ರೆ ಸಿಕ್ಕಿಬೀಳ್ತೀವಂತೆ!"

"ಆಗಲಿಲ್ಲವಲ್ಲ ಪುಟ್ಟಿ."

"ಆಕೆ ಎಚ್ಚರ ಇದ್ರು, ಅದಕ್ಕೆ ಆಗಲಿಲ್ಲ. ನಾವು ಎಚ್ಚರ ಇದ್ವಾ?"

"ನೋಡು, ನಾನು ಹೇಳೋದು ನಿನ್ನ ಒಳ್ಳೇದಕ್ಕೆ…"

"ನನ್ನ ಒಳ್ಳೇದಕ್ಕೆ ಬೇಡ ಅಪ್ಪ. ಬೆಳಿಗ್ಗೆ ಮಂಡಿಗೆ ಹೋಗ್ತೀನಿ. ಗಂಟೆಯಣ್ಣಂಗೆ ಹೇಳ್ತೀನಿ."

"ಹೋಗಕೂಡದು."

ಪುಟ್ಟಿ ಹೊರಗೆ ಹೋದಳು. ಕುರ್ಚಿಯಲ್ಲಿದ್ದ ಹೆಂಗಸಿನ ಕೈಗೆ ಕನ್ನಡಿ ಕೊಟ್ಟು, "ನೋಯೋ ಹಲ್ಲನ್ನ ನೀವೇ ಬೆರಳಿಟ್ಟು ತೋರ್ಸಿ" ಎನ್ನುವುದು ಪರದೆಯ ಈಚೆಗೆ ಕೇಳಿಸಿತು.

ಅಜ್ಜಿ ಬಟಾಣಿಯಿಂದ ತಲೆ ಎತ್ತಲಿಲ್ಲ. "ಕೂಡದು ಅಂದ್ರೆ ಅವಳು ಕೇಳೋದನ್ನ ನಾನಂತೂ ನೋಡಿಲ್ಲ ಕಣೋ," ಎಂದರು.

*

ಬೆಳಿಗ್ಗೆ ಡಾಕ್ಟರು ಎದ್ದಾಗ ಪುಟ್ಟಿಯ ಚಪ್ಪಲಿ ಇರಲಿಲ್ಲ. ಹೆಂಡತಿ ಚಹಾ ಸೋಸುತ್ತಿದ್ದರು.

"ಹೋದ್ಲಾ?"

"ಈಗ ತಾನೇ."

"ನೀನು ಬಿಟ್ಟೆಯಾ?"

"ನಾನೇನು ಹಿಡಿದುಕೊಳ್ಳಲಿ? ಎತ್ತಿಕೊಂಡು ಓಡಾಡೋ ವಯಸ್ಸೇ ಅವಳದು?"

ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹೊರಟರು. ಹೆಂಡತಿ ಹಿಂದಿನಿಂದ ಏನೋ ಕೂಗಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆಯಲ್ಲಿ ಇದ್ದದ್ದು ಒಂದೇ: ಅವಳು ಬಾಯಿ ತೆರೆಯುವ ಮೊದಲು ತಲುಪಬೇಕು. ಕೈ ಹಿಡಿದು, ಏನಾದರೊಂದು ನೆಪ ಹೇಳಿ ಕರೆತರಬೇಕು. ಮಾತ್ರೆ ಬದಲಾಯಿಸೋಕೆ ಬಂದಿದ್ಳು ಎಂದರಾಯಿತು. ಇವಳಿಗೆ ಗೊತ್ತಿಲ್ಲ, ಒಂದು ದೂರು ಸಾಕು. ಓದಿಸಿದ್ದು, ಆ ಕುರ್ಚಿ, ಬಾಗಿಲ ಮೇಲೆ ತನ್ನ ಹೆಸರಿನ ಕೆಳಗೆ ಬರೆಸಿದ ಅವಳ ಹೆಸರು, ಎಲ್ಲ ಒಂದೇ ಏಟಿಗೆ ಹೋಗುತ್ತದೆ. ಬೆವರುತ್ತ, ಏದುಸಿರು ಬಿಡುತ್ತ ಮಂಡಿಯ ಗೇಟಿನೊಳಗೆ ನುಗ್ಗಿದರು.

ಒಳಗೆ ಲಾರಿಗಳು ಬೆನ್ನು ತಿರುಗಿಸಿ ನಿಂತಿದ್ದವು. ಎಲೆಕೋಸಿನ ಎಸಳು ಕಾಲಿಗೆ ಜಾರುತ್ತಿತ್ತು. ಮೂಟೆ ಹೊತ್ತವರು "ದಾರಿ, ದಾರಿ" ಎನ್ನುತ್ತ ಅವರನ್ನು ಪಕ್ಕಕ್ಕೆ ತಳ್ಳಿದರು. ಗಂಟೆಯಣ್ಣನ ಧ್ವನಿ ಕೇಳಿಸಿದರೆ ಅತ್ತ ಹೋಗೋಣವೆಂದು ಕಿವಿ ನಿಮಿರಿಸಿದರು. ಧ್ವನಿ ಇರಲಿಲ್ಲ. ಟೊಮೆಟೊ ಕ್ರೇಟುಗಳ ಗುಡ್ಡೆಯ ಸುತ್ತ ಕೊಳ್ಳುವವರು ಸುಮ್ಮನೆ ನಿಂತಿದ್ದರು. ಮಧ್ಯೆ ಕೂಗುವವನ ಮರದ ಮೆಟ್ಟಿಲು, ಅದರ ಮೇಲೆ ಗಂಟೆಯಣ್ಣ, ಕೆಳಗೆ ಪುಟ್ಟಿ.

ಅವಳು ಆಗಲೇ ಹೇಳಿ ಮುಗಿಸಿದ್ದಳು.

ಗಂಟೆಯಣ್ಣ ಎಡಗೆನ್ನೆಯ ಮೇಲೆ ಕೈಯಿಟ್ಟುಕೊಂಡಿದ್ದ. "ಅಂದ್ರೆ, ಹೋಗಿದ್ದು ಉಳಿಯೋ ಹಲ್ಲು. ಉಳಿದಿರೋದು ಹೋಗೋ ಹಲ್ಲು."

"ಹೌದು. ಎಕ್ಸ್‌ರೇ ಪಕ್ಕದಲ್ಲೇ ಇತ್ತು, ನಾನು ನೋಡಲಿಲ್ಲ. ತಪ್ಪು ನಂದು. ಅವತ್ತೇ ಹೇಳಬೇಕಿತ್ತು, ಅದೂ ಹೇಳಲಿಲ್ಲ."

"ನಿನ್ನೊಬ್ಬಳದೇನಾ ತಪ್ಪು?"

"ನಂದೇ."

ಪುಟ್ಟಿಯ ಬೆನ್ನು ಮಾತ್ರ ಡಾಕ್ಟರಿಗೆ ಕಾಣುತ್ತಿತ್ತು. ಬಾಚದ ಕೂದಲನ್ನು ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿಕೊಂಡು ಬಂದಿದ್ದಳು. ಕೊರಳು ನೆಟ್ಟಗಿತ್ತು.

"ಅಲ್ಲ," ಎಂದರು ಡಾಕ್ಟರು. ಉಸಿರು ಸಾಲದೆ ಮತ್ತೊಮ್ಮೆ ಹೇಳಿದರು. "ಅಲ್ಲ ಗಂಟೆಯಣ್ಣ. ಕಿಟಕಿ ಕಡೆ ಅಂದವನು ನಾನು. ಕುರ್ಚಿ ತಿರುಗಿಸಿದ್ದು ನನ್ನ ತಲೆಗೆ ಹೋಗಲಿಲ್ಲ. ಅವಳು ನನ್ನ ಮಾತು ನಂಬಿದ್ಲು."

ಪುಟ್ಟಿ ತಿರುಗಿದಳು. ಅವರನ್ನು ಕಂಡದ್ದೇ ಅವಳ ಮುಖ ಸಡಿಲಗೊಂಡು, ಕಣ್ಣು ತುಂಬಿತು. ಅಷ್ಟು ಹೊತ್ತು ಹಿಡಿದಿಟ್ಟದ್ದೆಲ್ಲ ಇಳಿಯಿತು.

ಗಂಟೆಯಣ್ಣ ಇಬ್ಬರನ್ನೂ ನೋಡಿದ. ಕೊಳ್ಳುವವರಲ್ಲಿ ಯಾರೋ, "ಟೊಮೆಟೊ ಹಣ್ಣಾಗಿ ಕೊಳೀತಿದೆ ಮಾರಾಯ, ಕೂಗು!" ಎಂದ. ಗಂಟೆಯಣ್ಣ ಅವನ ಕಡೆ ಕೈ ಎತ್ತಿ ಬಾಯಿ ಮುಚ್ಚಿಸಿದ.

"ನನಗೆ ಸಿಟ್ಟು ಬಂದಿದೆ ಡಾಕ್ಟ್ರೇ," ಎಂದ. "ಎಷ್ಟು ಅಂತ ಈಗ ಗೊತ್ತಾಗ್ತಿಲ್ಲ. ಮನೇಲಿ ಮಾತಾಡಿ ಹೇಳ್ತೀನಿ. ಈಗ ಹೋಗಿ."

*

ಆ ವಾರ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಆದರೆ ಪುಟ್ಟಿ ಹೊತ್ತಿಗೆ ಸರಿಯಾಗಿ ಬಂದು ಅಪ್ಪನ ಪಕ್ಕ ಕೂರುತ್ತಿದ್ದಳು. ಮಾವ ಫೋನಿನಲ್ಲಿ ಕಿರುಚಿದ: "ಮಂಡಿಯಲ್ಲಾ? ಅಷ್ಟು ಜನರ ಮುಂದೆಯಾ? ಪೇಪರಿನಲ್ಲಿ ಜಾಹೀರಾತು ಕೊಡಬೇಕಿತ್ತು, ಅದೊಂದು ಯಾಕೆ ಬಿಟ್ರಿ?" ಅವನ ಅಕ್ಕ ಫೋನನ್ನು ಬಟಾಣಿ ಡಬ್ಬಿಯ ಪಕ್ಕದಲ್ಲಿಟ್ಟು, ಅವನು ದಣಿಯುವವರೆಗೂ ಅಡುಗೆ ಮಾಡಿದರು.

ಭಾನುವಾರ ಗಂಟೆಯಣ್ಣ ಹೆಂಡತಿಯ ಜೊತೆ ಬಂದ. ಹೆಂಡತಿ ಬಾಗಿಲಲ್ಲೇ ಶುರು ಮಾಡಿದಳು. "ಇವರು ಬಾಯಿ ಇಟ್ಕೊಂಡು ಬದುಕೋರು. ಬೇರೆ ಎಲ್ಲಾದ್ರೂ ಕೈ ಹಾಕೋದಲ್ವಾ, ಬಾಯಿಗೇ ಹಾಕಿದ್ರಿ! ನನ್ನ ತಮ್ಮ ದೂರು ಕೊಡೋಣ ಅಂತ ಕುಣೀತಿದ್ದ. ಕೊಡು ಅಂತ ನಾನೂ ಹೇಳಿದ್ದೆ."

"ಕೊಟ್ರೆ ತಪ್ಪಿಲ್ಲಮ್ಮ," ಎಂದರು ಡಾಕ್ಟರು. "ಅದು ನಿಮ್ಮ ಹಕ್ಕು."

"ಕೊಡಲ್ಲ," ಎಂದ ಗಂಟೆಯಣ್ಣ. "ಮುಚ್ಚಿಟ್ಟು, ನನಗೆ ಆಮೇಲೆ ಗೊತ್ತಾಗಿದ್ರೆ ಸುಮ್ಮನೆ ಬಿಡ್ತಿರಲಿಲ್ಲ, ಅದನ್ನ ನೆನಪಿಟ್ಕೊಳ್ಳಿ. ಹೋದ ಹಲ್ಲಿನ ಜಾಗಕ್ಕೆ ಕಟ್ಟಿಸಿ ಕೊಡಿ, ನಿಮ್ಮ ಖರ್ಚಲ್ಲಿ. ಕೊಳೆತಿದ್ದನ್ನ ಇವತ್ತೇ ಕೀಳಿ. ಚಿಕ್ ಡಾಕ್ಟ್ರೇ ಕೀಳಬೇಕು."

"ನಾನಾ?" ಎಂದಳು ಪುಟ್ಟಿ.

"ಮತ್ಯಾರು? ಈ ಊರಲ್ಲಿ ಇವತ್ತು ನಿನ್ನಷ್ಟು ಹುಷಾರಾಗಿ ನನ್ನ ಬಾಯಿ ನೋಡೋರು ಇನ್ನೊಬ್ಬರು ಇದ್ದಾರೇನಮ್ಮ?"

ಪುಟ್ಟಿ ಅವನ ಕೈಗೆ ಕನ್ನಡಿ ಕೊಟ್ಟಳು. ಅವನು ಹಲ್ಲಿನ ಮೇಲೆ ಬೆರಳಿಟ್ಟ. "ಬಲಗಡೆ, ಮೇಲೆ," ಎಂದು ಹರಾಜಿನ ಧ್ವನಿಯಲ್ಲಿ ಕೂಗಿದ. ಪುಟ್ಟಿ ಅದನ್ನೇ ತಿರುಗಿ ಹೇಳಿದಳು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮೂರನೆಯವರಾಗಿ ಹೇಳಿದರು. ಗಂಟೆಯಣ್ಣನ ಹೆಂಡತಿ ಬೇಕಿಲ್ಲದಿದ್ದರೂ ನಾಲ್ಕನೆಯವಳಾಗಿ ಹೇಳಿದಳು. ಹಲ್ಲು ಒಂದೇ ಎಳೆತಕ್ಕೆ ಬಂತು.

ಅವತ್ತಿನಿಂದ ಅದೇ ಪದ್ಧತಿಯಾಯಿತು. ರೋಗಿ ಬೆರಳಿಟ್ಟು ಹೇಳಬೇಕು, ಕೀಳುವವರು ತಿರುಗಿ ಹೇಳಬೇಕು, ಎಕ್ಸ್‌ರೇ ಹಿಡಿದವರೂ ಹೇಳಬೇಕು. ಕಿಟಕಿ, ಬಾಗಿಲು ಎಂಬ ಮಾತು ಕ್ಲಿನಿಕ್ಕಿನಲ್ಲಿ ನಿಂತಿತು. ಊರಿನ ಹಲ್ಲಿನ ಡಾಕ್ಟರುಗಳ ಸಭೆಯಲ್ಲಿ ಪುಟ್ಟಿ ಎದ್ದು ನಿಂತು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಚಹಾ ಹೊತ್ತಿನಲ್ಲಿ ತಲೆ ನೆರೆತವರೊಬ್ಬರು ಕಪ್ಪು ಹಿಡಿದುಕೊಂಡು ಪಕ್ಕಕ್ಕೆ ಬಂದು, "ನಂದೂ ಒಂದಿದೆಯಮ್ಮ, ಹೇಳ್ತೀನಿ ಕೇಳು," ಎಂದರು. ಅವರ ಹಿಂದೆ ಇನ್ನೊಬ್ಬರು ತಮ್ಮ ಸರದಿಗೆ ಕಾಯುವವರ ಹಾಗೆ ನಿಂತಿದ್ದರು. ಸಕ್ಕರೆ ಕಾಯಿಲೆಯ ಮುದುಕಿಯನ್ನು ಡಾಕ್ಟರು ತಾವೇ ಮನೆಗೆ ಹೋಗಿ ನೋಡಿ ಬಂದರು. ದೊಡ್ಡಾಸ್ಪತ್ರೆಯವರು ಅವಳ ಹಲ್ಲು ಕಿತ್ತು ವಾಸಿ ಮಾಡಿದ್ದರು. ಅವಳು ಬೈದು, ಆಮೇಲೆ ಚಹಾ ಕೊಟ್ಟಳು.

ಗಂಟೆಯಣ್ಣನಿಗೆ ಹಲ್ಲು ಕಟ್ಟಿಸಿದ ದಿನ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಮಾವನೂ ಬಂದಿದ್ದ. ಗೊಣಗುತ್ತಲೇ ಎರಡನೇ ಸಲ ಅನ್ನ ಹಾಕಿಸಿಕೊಂಡ.

"ಮಂಡಿಯಲ್ಲೆಲ್ಲ ನಿಮ್ಮದೇ ಸುದ್ದಿ ಭಾವ," ಎಂದ. "ಮಗಳ ಜೊತೆ ನಿಲ್ಲೋಕೆ ದೊಡ್ಡ ಡಾಕ್ಟ್ರು ಬೆಳಿಗ್ಗೆ ಬೆಳಿಗ್ಗೆ ಓಡಿ ಬಂದ್ರು ಅಂತ ಗಂಟೆಯಣ್ಣ ಲಾರಿಯವರಿಗೂ ಹೇಳ್ತಿದ್ದಾನೆ."

"ನಿಜ ಅಪ್ಪ," ಎಂದಳು ಪುಟ್ಟಿ. "ನೀವು ಬರದೇ ಇದ್ದಿದ್ರೆ ನಾನು ಅಲ್ಲೇ ಕುಸಿದುಬಿಡ್ತಿದ್ದೆ. ಕೂಡದು ಅಂದವರು ಬಂದ್ರಲ್ಲ, ಅದಕ್ಕೇ ನನಗೆ ಅಳು ಬಂದಿದ್ದು."

"ನನ್ನ ಮಗ ಕಣೇ ಅವನು," ಎಂದರು ಅಜ್ಜಿ.

ಹೆಂಡತಿ ಅವರ ತಟ್ಟೆಗೆ ಇನ್ನಷ್ಟು ಬೀನ್ಸು ಬಡಿಸಿದರು. ಡಾಕ್ಟರು ಮಗಳ ಮುಖ ನೋಡಿದರು. ತಿಂಗಳಿಂದ ಕಾಣದಿದ್ದ ನಗು ಅಲ್ಲಿತ್ತು. ಬಾಯಿಯವರೆಗೆ ಬಂದ ಮಾತನ್ನು ತುತ್ತಿನ ಜೊತೆ ನುಂಗಿ, ಉಪ್ಪು ಕೇಳಿದರು.

ಆ ಬೆಳಿಗ್ಗೆ ತಾನು ಓಡಿದ್ದು ಅವಳ ಬಾಯಿ ಮುಚ್ಚಿಸಲು ಎಂದು ಅವರು ಅವಳಿಗೆ ಎಂದೂ ಹೇಳಲಿಲ್ಲ.